ಭಾವನ ಎರಡು ಗ್ಯಾಲನ್

ನಮ್ಮ ಭಾವನ ಕೈಗೆ ಒಂದು ಲೋಟ ನೀರು ಕೊಟ್ಟು ನೋಡಿ, ಅವರು ಕುಡಿದು ಮುಗಿಸುವಷ್ಟರಲ್ಲಿ ನಿಮಗೇ ಬಾಯಾರಿಕೆಯಾಗಿರುತ್ತದೆ! ಮೊದಲು ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಮೂಸುತ್ತಾರೆ, ಕೊನೆಗೆ ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ ಕಣ್ಣು ಮುಚ್ಚುತ್ತಾರೆ. ಅಕ್ಕನ ಗಂಡ ಎಂಬ ಗೌರವವೊಂದು ಇಲ್ಲದಿದ್ದರೆ ನಾನು ಎಂದೋ ಲೋಟ ಕಿತ್ತುಕೊಳ್ಳುತ್ತಿದ್ದೆ.

ಎಂಬತ್ತರ ದಶಕದಲ್ಲಿ ಭಾವ ಕೊಲ್ಲಿ ನಾಡಿನ ರೂವಿ ಪಟ್ಟಣದಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದರು. ನಾನೂ ನಮ್ಮವರೂ ಆಗ ಅಲ್ಲೇ ಇದ್ದೆವು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವುದನ್ನೆಲ್ಲ ಅಳೆಯುವ ಕೆಲಸ. ಅಳೆದರೆ ಮುಗಿಯಿತೇ? ಒಬ್ಬ ಸಾಹೇಬನಿಗೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದುಕೊಡಬೇಕು, ಇನ್ನೊಬ್ಬನಿಗೆ ಗ್ಯಾಲನ್ನಿಗೆ ಇಷ್ಟು ಗ್ರೇನ್ ಎಂದು. ಗ್ರೇನ್ ಅಂದರೆ ಇಂಗ್ಲಿಷರ ಅತಿ ಚಿಕ್ಕ ತೂಕ, ಸುಮಾರು ಅರವತ್ತೈದು ಮಿಲಿಗ್ರಾಂ. ದಿನವಿಡೀ ಇದನ್ನು ಅದಕ್ಕೆ, ಅದನ್ನು ಇದಕ್ಕೆ ಬದಲಾಯಿಸುತ್ತ ಬದಲಾಯಿಸುತ್ತ ಭಾವನಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಒಮ್ಮೆ ಅಕ್ಕ ಸಾರು ಬಡಿಸಿ, "ಉಪ್ಪು ಸರಿ ಉಂಟಾ?" ಎಂದಳು.

ಭಾವ ಕಣ್ಣು ಮುಚ್ಚಿದರು. "ಲೀಟರಿಗೆ ಎಂಟು ಗ್ರಾಂ. ಇಂಗ್ಲಿಷ್ ಗ್ಯಾಲನ್ನಿಗೆ ಐನೂರ ಅರವತ್ತೊಂದು ಗ್ರೇನ್."

"ಸಾಕಷ್ಟು ಉಂಟಾ ಇಲ್ವಾ, ಅಷ್ಟು ಹೇಳಿ ಮಾರಾಯ್ರೆ!"

"ಸಾಕಷ್ಟು ಅಂದ್ರೆ ಎಷ್ಟು?"

ಸಾಕಷ್ಟು, ಸ್ವಲ್ಪ, ಚಿಟಿಕೆ ಎಂಬ ಮಾತುಗಳು ಅವರ ಮುಂದೆ ನಿಷಿದ್ಧ. ಅಕ್ಕ ಅಷ್ಟು ವರ್ಷ ಹೇಗೆ ಅಡುಗೆ ಮಾಡಿದಳೋ ದೇವರಿಗೇ ಗೊತ್ತು.

ಇನ್ನೊಮ್ಮೆ ರೂವಿಯ ಅಂಗಡಿಯಲ್ಲಿ ಐದು ಗ್ಯಾಲನ್ನಿನ ಕ್ಯಾನ್ ಕೊಳ್ಳಲು ಹೋದೆವು. ಭಾವ ಪಠಾಣ ಅಂಗಡಿಯವನನ್ನು, "ಕೌನ್ಸಾ ಗ್ಯಾಲನ್?" ಎಂದು ಕೇಳಿದರು. ಅವನು ನಮ್ಮನ್ನು ಮರುಕದಿಂದ ನೋಡಿ, "ಪಾನಿ ಕಾ ಗ್ಯಾಲನ್, ಭಾಯ್!" ಎಂದ.

ಪ್ರಶ್ನೆ ಸರಿಯೇ ಇತ್ತೆನ್ನಿ. ಇಂಗ್ಲಿಷರ ಗ್ಯಾಲನ್ ನಾಲ್ಕೂವರೆ ಲೀಟರಿನದು, ಅಮೆರಿಕದವರದು ನಾಲ್ಕೂ ತುಂಬದ ಬಡಕಲು. ಆದರೆ ಅಂಗಡಿಯ ಬಾಗಿಲಲ್ಲೇ ಲೀಟರ್ ಬಾಟಲಿ ಹಿಡಿದು ಕ್ಯಾನಿಗೆ ನೀರು ಸುರಿದು ಎಣಿಸಬೇಕೇ? ಹಿಂದೆ ನಿಂತ ಗಿರಾಕಿಗಳು "ಯಲ್ಲಾ, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರಪಡಿಸಿ ಕೂಗುತ್ತಿದ್ದರು. ಹತ್ತೊಂಬತ್ತನೆಯ ಬಾಟಲಿಗೆ ಕ್ಯಾನ್ ತುಂಬಿತು. "ಅಮೆರಿಕದ್ದು!" ಎಂದು ಭಾವ ಘೋಷಿಸಿದರು. ನಾನು ಪಕ್ಕದ ಅಂಗಡಿಯ ಬಳೆ ನೋಡುತ್ತಿರುವವಳಂತೆ ದೂರ ಸರಿದೆ.

ಆಮೇಲೆ ನಾವು ದೂರದ ಸಹಮ್ ಎಂಬ ಊರಿಗೆ ಹೋದೆವು. ನಮ್ಮವರಿಗೆ ಅಲ್ಲಿನ ದೊಡ್ಡ ತೋಟವೊಂದರ ಆಫೀಸಿನಲ್ಲಿ ಕೆಲಸ, ತೋಟದೊಳಗೇ ಮನೆ, ಮನೆಗೆ ತೋಟದ ಬಾವಿಯ ನೀರು. ಮಗಳು ಹುಟ್ಟಿದಳು. ನನಗೆ ಹಾಲು ಸಾಲದೆ ಡಬ್ಬಿ ಹಾಲಿನ ಪುಡಿ ಶುರುಮಾಡಿದೆವು. ಮಗು ಎರಡು ತಿಂಗಳಿನದಾಗಿದ್ದಾಗ ಭಾವ ನೋಡಲು ಬಂದರು. ತೊಟ್ಟಿಲು ನೋಡುವ ಮೊದಲು ನಲ್ಲಿ ನೋಡಿದರು!

"ಈ ನೀರಿನ ರಿಪೋರ್ಟ್ ಉಂಟಾ?"

ನಮ್ಮವರು ಹೆಮ್ಮೆಯಿಂದ ಚೀಟಿ ತಂದರು. ರಸಗೊಬ್ಬರದಿಂದ ನೀರಿಗಿಳಿಯುವ ನೈಟ್ರೇಟು ಗ್ಯಾಲನ್ನಿಗೆ ಮೂರು ಗ್ರೇನ್ ಎಂದಿತ್ತು. "ನಾನೇ ಲೆಕ್ಕ ಹಾಕಿದ್ದೇನೆ ಭಾವ. ಲೀಟರಿಗೆ ನಲವತ್ತಮೂರು ಮಿಲಿಗ್ರಾಂ. ನಲವತ್ತೈದರವರೆಗೆ ತೊಂದರೆ ಇಲ್ಲ."

"ಯಾವ ಗ್ಯಾಲನ್?"

ನನಗೆ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ. ಚೀಟಿಯ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ, ನೀರು ಪರೀಕ್ಷಿಸಿದ ಕಂಪನಿಯ ವಿಳಾಸದ ಮೇಲೆ ಬೆರಳಿಟ್ಟರು. ಅಮೆರಿಕದ್ದು.

"ಗ್ಯಾಲನ್ ಸಣ್ಣದು. ಹಾಗಾದ್ರೆ ಲೀಟರಿಗೆ ಐವತ್ತೊಂದು," ಎಂದರು.

"ಎಂಟು ಮಿಲಿಗ್ರಾಂಗೆ ಎಂತ ಆಗ್ತದೆ ಭಾವ? ನಾನು ಅರ್ಧ ಗಂಟೆ ಕುದಿಸಿಯೇ ಹಾಲು ಕಲಸುದು," ಎಂದೆ.

"ಕುದಿಸಿದ್ರೆ ನೀರು ಹೋಗ್ತದೆ ಮಾರಾಯ್ತಿ, ಇದು ಹೋಗುದಿಲ್ಲ. ಉಳಿದ ನೀರಿನಲ್ಲಿ ಇನ್ನೂ ಜಾಸ್ತಿ ಆಗ್ತದೆ. ನಿನಗೆ, ನನಗೆ ಎಂತ ಇಲ್ಲ. ಇದು ಹೊಟ್ಟೆಗೆ ಹೋದ್ರೆ ಇಷ್ಟು ಸಣ್ಣ ಮಗುವಿನ ರಕ್ತ ಉಸಿರು ಹೊರುದಿಲ್ಲ, ಮೈ ನೀಲಿ ಆಗುದುಂಟು."

ಎರಡು ತಿಂಗಳು ನಾನೇ, ಈ ಕೈಯಾರೆ, ಶುದ್ಧವಾಗಲಿ ಎಂದು ಕುದಿಸಿ ಕುದಿಸಿ ಕೊಟ್ಟಿದ್ದೆ. ಓಡಿಹೋಗಿ ಮಗುವಿನ ತುಟಿ, ಉಗುರು ಎಲ್ಲ ನೋಡಿದೆ. ಕೆಂಪಗೇ ಇದ್ದವು. ಅಂದೇ ಡಾಕ್ಟರಿಗೂ ತೋರಿಸಿದೆವು, ಏನೂ ಆಗಿರಲಿಲ್ಲ.

ಬಾಟಲಿ ನೀರು ತರುತ್ತೇವೆ ಎಂದರೆ ಭಾವ ಒಪ್ಪಲಿಲ್ಲ. ಲೇಬಲ್ಲಿನಲ್ಲಿ ನೈಟ್ರೇಟು ಎಷ್ಟೆಂದು ಬರೆದಿಲ್ಲವಂತೆ! ಅಲ್ಲಿಂದ ಪ್ರತಿ ಗುರುವಾರ, ವಾರದ ರಜೆಯ ದಿನ, ರೂವಿಯಿಂದ ಮೂರು ಗಂಟೆ ಟ್ಯಾಕ್ಸಿಯಲ್ಲಿ ಕೂತು ಬಂದರು. ತೊಡೆಯ ಮೇಲೆ ಅದೇ ಹತ್ತೊಂಬತ್ತು ಬಾಟಲಿಯ ಕ್ಯಾನ್, ತಾವೇ ಪರೀಕ್ಷಿಸಿದ ನೀರು. ಮೇಲೊಂದು ಚೀಟಿ, ಅದರಲ್ಲಿ ಮೂರು ಸಾಲು: ಮಿಲಿಗ್ರಾಂ, ಇಂಗ್ಲಿಷ್, ಅಮೆರಿಕ. ಮಗುವಿಗೆ ವರ್ಷ ತುಂಬುವವರೆಗೆ ಒಂದು ಗುರುವಾರವೂ ತಪ್ಪಲಿಲ್ಲ.

ಮೊದಲ ಹುಟ್ಟುಹಬ್ಬದ ದಿನ ಅಕ್ಕನೂ ಬಂದಿದ್ದಳು. ನಾನು ಮಗುವನ್ನು ಭಾವನ ಕೈಗೆ ಕೊಟ್ಟು ಕೀಟಲೆ ಮಾಡಿದೆ. "ಎಷ್ಟು ತೂಕ ಭಾವ? ಕಿಲೋದಲ್ಲೂ ಹೇಳ್ಬೇಕು, ಪೌಂಡಿನಲ್ಲೂ ಹೇಳ್ಬೇಕು."

ಭಾವ ಅವಳನ್ನು ಎತ್ತಿ ಹಿಡಿದು ಎಂದಿನಂತೆ ಕಣ್ಣು ಮುಚ್ಚಿದರು. ನಾವು ಕಾದೆವು. ಮಗು ಅವರ ಕನ್ನಡಕ ಕಿತ್ತಿತು. ಭಾವ ಕಣ್ಣು ಬಿಟ್ಟಾಗ ರೆಪ್ಪೆ ಒದ್ದೆಯಾಗಿತ್ತು.

"ಸಾಕಷ್ಟು ಉಂಟು ಮಾರಾಯ್ತಿ," ಎಂದರು.

ಸಾಕಷ್ಟು ಅಂದ್ರೆ ಎಷ್ಟು ಎಂದು ಕೇಳಲು ಅಕ್ಕ ಬಾಯಿ ತೆರೆದವಳು ಅವರ ಮುಖ ನೋಡಿ ಮಗುವಿನ ಕೈಯಿಂದ ಕನ್ನಡಕ ಬಿಡಿಸತೊಡಗಿದಳು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.