ಅರಬೆಲ್ಲಳ ಬಾನೆಟ್ಟು

ಗಂಡಸಾಗಿ ಹುಟ್ಟಿದ ಮೇಲೆ ಜೀವಮಾನದಲ್ಲಿ ಒಂದಾದರೂ ಘೋರ ಪ್ರತಿಜ್ಞೆ ಮಾಡಬೇಕು. ನಾನು ಮಾಡಿದೆ! ಸಿಂಹಾಸನದ ಮೇಲೆ ಕೂತಲ್ಲ, ಕತ್ತಿ ಹಿರಿದೂ ಅಲ್ಲ; ಅಡುಗೆಮನೆಯ ಮೇಜಿನ ಮುಂದೆ, ಮಾರ್ಮಲೇಡ್ ಸವರಿದ ಟೋಸ್ಟನ್ನು ಬಲಗೈಯಲ್ಲಿ ಎತ್ತಿ ಹಿಡಿದು.

"ಕೇಳು ಎನಿಡ್! ಈ ಭಾನುವಾರ ನಮ್ಮ ಮದುವೆಯ ಬೆಳ್ಳಿಹಬ್ಬದ ಊಟಕ್ಕೆ ನಿಮ್ಮಕ್ಕನ ಮನೆಗೆ ಅರಬೆಲ್ಲಳಲ್ಲೇ ಹೋಗೋದು. ದಾರೀಲಿ ನಾನು ಒಂದೇ ಒಂದು ಸಲ ಕೂಡ ಬಾನೆಟ್ ಎತ್ತಲ್ಲ!"

"ಎತ್ತಿದ್ರೆ?" ಎಂದಳು ನನ್ನ ಹೆಂಡತಿ, ಬೇಯಿಸಿದ ಮೊಟ್ಟೆಯ ನೆತ್ತಿಯನ್ನು ಚಮಚದಿಂದ ಒಡೆಯುತ್ತ.

"ಎತ್ತಿದ್ರೆ ಆ ಕ್ಷಣದಿಂದ ಅರಬೆಲ್ಲ ನಿನ್ನ ಸ್ವತ್ತು. ಮಾರು, ಗುಜರಿಗೆ ಹಾಕು, ಒಳಗೆ ಮಣ್ಣು ತುಂಬಿ ಜೆರೇನಿಯಂ ಹೂಗಿಡ ನೆಡು. ನಾನು ತುಟಿ ಪಿಟಕ್ಕೆನ್ನಲ್ಲ."

ಎನಿಡ್ ಚಮಚ ಕೆಳಗಿಟ್ಟು ಕೈ ಚಾಚಿದಳು. ಕೈ ಕುಲುಕಿದೆವು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಗಟ್ಟಿಯಾಗಿ ನನ್ನ ಕೈ ಹಿಡಿದದ್ದು ನೆನಪಿಲ್ಲ.

ಅರಬೆಲ್ಲ ಯಾರೋ ಪರಸ್ತ್ರೀ ಎಂದು ತಿಳಿಯಬೇಡಿ. ಎನಿಡ್‌ಳನ್ನು ಕೇಳಿದರೆ, "ಪರಸ್ತ್ರೀಯಾಗಿದ್ರೆ ಎಷ್ಟೋ ವಾಸಿ ಇತ್ತು, ಎಣ್ಣೆಯಾದ್ರೂ ಸೋರ್ತಿರಲಿಲ್ಲ" ಎನ್ನುತ್ತಾಳೆ. ಅರಬೆಲ್ಲ ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಕಡುಹಸಿರು ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರು. ನಮ್ಮ ಮದುವೆಗಿಂತ ಹಳಬಳು. ಎಷ್ಟು ತಗ್ಗೆಂದರೆ, ಒಳಗೆ ಕೂತವರಿಗೆ ಪಕ್ಕದ ಲಾರಿಯ ಚಕ್ರದ ನಟ್ಟುಗಳು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಈ ಕಾರನ್ನು ಯಾರೂ ಹತ್ತುವುದಿಲ್ಲ, ಅದರೊಳಕ್ಕೆ ಇಳಿಯುತ್ತಾರೆ. ಆಮೇಲೆ ಬಾವಿಯಿಂದ ಬರುವವರ ಹಾಗೆ ಮೇಲಕ್ಕೆ ಹತ್ತಿ ಬರುತ್ತಾರೆ. ತಯಾರಿಸಿದ ಕಂಪನಿಯ ಹೆಸರು ಮಾತ್ರ ಹೇಳಲಾರೆ. ಪಾಪ, ಅದು ಮುಚ್ಚಿ ಎಷ್ಟೋ ಕಾಲವಾಯಿತು, ಸತ್ತವರ ಬಗ್ಗೆ ಆಡಿಕೊಳ್ಳಬಾರದು.

ಶನಿವಾರವಿಡೀ ಶೆಡ್ಡಿನಲ್ಲಿ ಕೂತು ಪ್ರತಿಯೊಂದು ಸ್ಕ್ರೂ ಬಿಗಿ ಮಾಡಿದೆ. ಉಪಕರಣದ ಪೆಟ್ಟಿಗೆಗೆ ಜಾಗ ಸಾಲದೆ, ಮಳೆ ಬಂದರೆ ತಲೆಯ ಮೇಲೆ ಏರಿಸುವ ಬಟ್ಟೆಯ ಟಾಪನ್ನು ಕಳಚಿ ಮನೆಯಲ್ಲೇ ಬಿಟ್ಟೆ. ನಮ್ಮ ಕುಲದವರು, ಅಂದರೆ ಈ ಬಗೆಯ ಕಾರಿಟ್ಟವರು, ಹೇಗೂ ಟಾಪ್ ಏರಿಸುವುದಿಲ್ಲ. ಏರಿಸಿದರೆ ಮರ್ಯಾದೆ ಹೋಯಿತು ಎಂದೇ ಲೆಕ್ಕ. ಹಿಮ ಬೀಳಲಿ, ಆಲಿಕಲ್ಲು ಬೀಳಲಿ, ಮಫ್ಲರ್ ಸುತ್ತಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು, "ಎಂಥ ಒಳ್ಳೇ ಗಾಳಿ!" ಎನ್ನುತ್ತ ಹೋಗುತ್ತಿರಬೇಕು.

ಭಾನುವಾರ ಬಿಸಿಲೋ ಬಿಸಿಲು! ಯಾರ್ಕ್‌ಶೈರಿನಲ್ಲಿ ಬಿಸಿಲು ಕಂಡರೆ ಅನುಮಾನಿಸಬೇಕು ಎಂಬುದು ಎಳೆಗೂಸಿಗೂ ಗೊತ್ತು. ನನಗೆ ಆ ಹೊತ್ತಿಗೆ ಮರೆತಿತ್ತು. ಎನಿಡ್ ಹೊಸ ಹ್ಯಾಟು, ಎತ್ತರದ ಹಿಮ್ಮಡಿಯ ಹೊಸ ಚಪ್ಪಲಿ ಹಾಕಿಕೊಂಡು ಕಾರಿನೊಳಕ್ಕೆ ಇಳಿದಳು. ನಾವಿದ್ದದ್ದು ಮಾಲ್ಟನ್ ಪಕ್ಕದ ಹಳ್ಳಿಯಲ್ಲಿ; ಹೋಗಬೇಕಾದದ್ದು ಪಿಕರಿಂಗ್ ದಾಟಿ, ಗುಡ್ಡ ಹತ್ತಿಳಿದು, ಕಡಲ ದಂಡೆಯ ವಿಟ್‌ಬಿಗೆ. ಅವಳ ಅಕ್ಕ ಡೊರೀನ್ ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದಳು: "ಒಂದು ಗಂಟೆಗೆ ಓವನ್ನಿಂದ ಯಾರ್ಕ್‌ಶೈರ್ ಪುಡಿಂಗ್ ತೆಗೀತೀನಿ. ನೀವು ಬಂದ್ರೂ ತೆಗೀತೀನಿ, ಬರದಿದ್ರೂ ತೆಗೀತೀನಿ. ಉಬ್ಬಿರೋದು ತಣ್ಣಗಾಗಿ ಕೂತುಹೋದ್ರೆ ನನ್ನ ಬಯ್ಯಬೇಡಿ."

ಪಿಕರಿಂಗ್ ತಲುಪುವವರೆಗೆ ಅರಬೆಲ್ಲ ಮಹಾರಾಣಿಯ ಹಾಗೆ ಹೋದಳು. ನಾನು ಶಿಳ್ಳೆ ಹಾಕಿದೆ. ಶಿಳ್ಳೆ ಹಾಕಬಾರದಿತ್ತು! ಊರ ಮುಂದಿನ ವೃತ್ತಕ್ಕೆ ಬಂದು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆನೋ ಇಲ್ಲವೋ, ಹಾರ್ನ್ ತಾನಾಗಿಯೇ "ಪೋಂ" ಎಂದು ಕಿರುಚಿಕೊಂಡಿತು. ಬಲಕ್ಕೆ ತಿರುಗಿಸಿದೆ, ಸುಮ್ಮನಾಯಿತು. ಎಡಕ್ಕೆ ತಿರುಗಿಸಿದೆ, "ಪೋಂ"!

ವೃತ್ತದ ಪಕ್ಕದಲ್ಲೇ ಒಂದು ಪ್ರಾರ್ಥನಾ ಮಂದಿರ. ಅದೇ ತಾನೇ ಪ್ರಾರ್ಥನೆ ಮುಗಿಸಿ ಜನ ಹೊರಗೆ ಬರುತ್ತಿದ್ದರು. ವೃತ್ತ ಸುತ್ತುವಾಗ ಸ್ಟಿಯರಿಂಗ್ ಬಲಕ್ಕಿರುತ್ತದೆ, ಹಾಗಾಗಿ ಪರಮ ಶಾಂತಿ. ಹೊರಗೆ ಬರಬೇಕೆಂದರೆ ಎಡಕ್ಕೆ ತಿರುಗಿಸಲೇಬೇಕು. ನನಗೆ ಧೈರ್ಯ ಬರಲಿಲ್ಲ. ಇನ್ನೊಂದು ಸುತ್ತು ಹಾಕಿದೆ. ಪಾದ್ರಿಗಳು ನಗುತ್ತ ಕೈ ಬೀಸಿದರು. ಮತ್ತೊಂದು ಸುತ್ತು ಹಾಕಿದೆ. ಪಾದ್ರಿಗಳು ಬೀಸುವುದನ್ನು ನಿಲ್ಲಿಸಿ ನೋಡತೊಡಗಿದರು.

"ಯಾಕೋ ಸಿರಿಲ್, ಪ್ರದಕ್ಷಿಣೆ ಹರಕೆ ಏನಾದ್ರೂ ಇತ್ತಾ?" ಎಂದಳು ಎನಿಡ್.

"ಆ ಜನ ಎಲ್ಲಾ ಹೋಗ್ಲಿ ಅಂತ ಕಾಯ್ತಿದ್ದೀನಿ."

"ಯಾರು ಹೋಗ್ತಾರೆ? ಒಳಗಿದ್ದವರೂ ನೋಡೋಕೆ ಈಚೆ ಬಂದಿದ್ದಾರೆ. ಬಾನೆಟ್ ಎತ್ತಿ ಹಾರ್ನಿನ ವೈರ್ ಕಿತ್ತುಬಿಟ್ರೆ ಆಯ್ತಪ್ಪ. ಅರ್ಧ ನಿಮಿಷದ ಕೆಲಸ."

ಎಂಥ ಜೇನಿನಂಥ ದನಿ! ನಾನು ಹಲ್ಲು ಕಚ್ಚಿ, ದೇವರನ್ನೂ ಪಾದ್ರಿಗಳನ್ನೂ ಮನಸ್ಸಿನಲ್ಲೇ ಕ್ಷಮೆ ಕೇಳಿ, ಎಡಕ್ಕೆ ತಿರುಗಿಸಿದೆ. ಪಿಕರಿಂಗ್ ಪೇಟೆಯ ಉದ್ದಕ್ಕೂ ಎಡ ತಿರುವು ಬಂದಾಗಲೆಲ್ಲ ಯುದ್ಧ ಗೆದ್ದು ಬರುವ ಸೇನಾಪತಿಯ ಹಾಗೆ ಕಹಳೆ ಊದಿಕೊಂಡೇ ಹೋದೆವು. ಮುದುಕಿಯೊಬ್ಬಳು ಕಿಟಕಿ ತೆರೆದು ಬೈದಳು. ನಾನು ಹ್ಯಾಟು ಎತ್ತಿ ವಂದಿಸಿದೆ.

ಗುಡ್ಡ ಹತ್ತುವಾಗ ಹಾರ್ನಿನ ಕಾಟ ತಪ್ಪಿತು. ಹೇಗೆಂದರೆ, ಮಳೆ ಬಂತು! ನೀರು ಒಳಗೆ ಹೋಗಿ ಹಾರ್ನು ಕೊನೆಯದಾಗಿ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.

"ಟಾಪ್ ಏರಿಸೋ," ಎಂದಳು ಎನಿಡ್.

"ಬೇಕಾಗಿಲ್ಲ ಕಣೆ. ಇದು ವಿಜ್ಞಾನ. ಕಾರು ವೇಗವಾಗಿ ಹೋಗ್ತಿದ್ರೆ ಗಾಳಿ ಮಳೇನ ಎತ್ತಿ ನಮ್ಮ ತಲೆ ಮೇಲಿಂದ ಹಿಂದಕ್ಕೆ ಒಯ್ದು ಹಾಕುತ್ತೆ. ಒಂದು ಹನಿ ತಾಗಲ್ಲ."

ನಂಬುತ್ತೀರೋ ಇಲ್ಲವೋ, ನಿಜವಾಗಿಯೂ ತಾಗಲಿಲ್ಲ! ನಾನು ವಿಜಯದ ನಗೆ ಬೀರುತ್ತ ತಿರುವಿನಲ್ಲಿ ತಿರುಗಿದೆ. ಎದುರಿಗೆ ರಸ್ತೆಯ ತುಂಬ ಕುರಿಗಳು. ಗುಡ್ಡದ ಕುರಿಗಳಿಗೆ ರಸ್ತೆ ಅವುಗಳ ಅಜ್ಜನ ಕಾಲದಿಂದ ಬಂದ ಆಸ್ತಿ. ಕಾರು ನಿಂತಿತು. ವಿಜ್ಞಾನವೂ ನಿಂತಿತು. ಅಲ್ಲಿಯವರೆಗೆ ಹಿಂದಕ್ಕೆ ಹೋಗುತ್ತಿದ್ದ ಮಳೆಯೆಲ್ಲ ನೇರವಾಗಿ ನಮ್ಮ ತೊಡೆಯ ಮೇಲೆ ಇಳಿಯಿತು.

"ಈಗ ಟಾಪ್ ಏರಿಸೋ!"

"ಅದು... ಮನೇಲಿದೆ."

ಎನಿಡ್ ನನ್ನ ಕಡೆ ತಿರುಗಿದಳು. ಅವಳ ಹ್ಯಾಟಿನ ಅಂಚಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಟಗರೊಂದು ಬಾಗಿಲ ಮೇಲಿಂದ ತಲೆ ತೂರಿಸಿ ಅವಳನ್ನು ನೋಡಿ, ಮರುಕದಿಂದ ಎಂದೇ ಹೇಳಬೇಕು, "ಬ್ಯಾ" ಎಂದಿತು. ಅದೇ ಹೊತ್ತಿಗೆ ಎಂಜಿನ್ನೂ ಕೆಮ್ಮಿ ನಿಂತುಬಿಟ್ಟಿತು.

"ಎಂಜಿನ್‌ಗೆ ಪೆಟ್ರೋಲ್ ಎಳೆಯೋ ಪಂಪು," ಎಂದೆ ಕ್ಷೀಣವಾಗಿ.

ನಮ್ಮ ಭಾಗ್ಯಕ್ಕೆ ಪಂಪು ಇರುವುದು ಬಾನೆಟ್ಟಿನ ಕೆಳಗಲ್ಲ, ಎನಿಡ್ ಸೀಟಿನ ಹಿಂದೆ. ಅದಕ್ಕೆ ಒಂದೇ ಔಷಧಿ, ಗಟ್ಟಿಯಾದ ಏಟು. ಅವಳು ಕಾಲಿನಿಂದ ಹೊಸ ಚಪ್ಪಲಿ ಕಳಚಿ, ಹಿಂದಕ್ಕೆ ತಿರುಗಿ, ಹಿಮ್ಮಡಿಯಿಂದ ಫಟ್ ಫಟ್ ಎಂದು ಬಾರಿಸಿದಳು. ಏಟಿನ ಬಿರುಸು ನೋಡಿದರೆ ಪಂಪನ್ನೇ ನೆನೆಸಿಕೊಂಡು ಹೊಡೆದಂತಿರಲಿಲ್ಲ. ಪಂಪು ಟಿಕ್ ಟಿಕ್ ಎಂದಿತು, ಎಂಜಿನ್ ಗುರ್ರೆಂದಿತು, ಚಪ್ಪಲಿಯ ಹಿಮ್ಮಡಿ ಮುರಿದು ಕುರಿಗಳ ನಡುವೆ ಬಿತ್ತು.

"ಬಾನೆಟ್ ಎತ್ತಲಿಲ್ಲ! ನೋಡ್ಕೋ, ಎತ್ತಲಿಲ್ಲ!" ಎಂದು ಕೂಗಿದೆ.

"ನೋಡ್ತಾನೇ ಇದ್ದೀನಿ," ಎಂದಳು ಎನಿಡ್, ಹ್ಯಾಟು ಹಿಂಡುತ್ತ. "ಹಿಂದೆ ಹೊಡೆದದ್ದು ಲೆಕ್ಕಕ್ಕಿಲ್ಲ. ನಾನು ಮೋಸ ಮಾಡೋಳಲ್ಲ."

ಗುಡ್ಡದ ತುದಿಗೆ ಬಂದಾಗ ಮಳೆ ನಿಂತಿತ್ತು. ದೂರದಲ್ಲಿ ವಿಟ್‌ಬಿಯ ಸಮುದ್ರ ಕಾಣುತ್ತಿತ್ತು. ಇನ್ನು ಬರೀ ಇಳಿಜಾರು, ಎಂಜಿನ್ ಇಲ್ಲದಿದ್ದರೂ ಉರುಳಿಕೊಂಡು ಹೋಗಬಹುದು. ಗೆದ್ದೆ ಎಂದುಕೊಂಡೆ! ಗಂಟೆ ಮಾತ್ರ ಒಂದು ಹೊಡೆದು ಹೋಗಿತ್ತು. ಅಲ್ಲಿದ್ದ ಪಬ್ಬಿನ ಅಂಗಳದಲ್ಲಿ ಕೆಂಪು ಫೋನ್ ಡಬ್ಬಿ ಕಂಡು ಎನಿಡ್, "ನಿಲ್ಸು, ಡೊರೀನ್‌ಗೆ ಒಂದು ಮಾತು ಹೇಳ್ತೀನಿ" ಎಂದಳು. ಒಂದು ಕಾಲು ಎತ್ತರ, ಒಂದು ಕಾಲು ತಗ್ಗು ಮಾಡಿಕೊಂಡು ಕುಂಟುತ್ತ ಹೋಗಿ ಡಬ್ಬಿಯೊಳಗೆ ನಿಂತಳು.

ಆಗ ಅಂಗಳಕ್ಕೆ ಇನ್ನೊಂದು ಕಾರು ಬಂತು. ಅರಬೆಲ್ಲಳದೇ ಅಚ್ಚು, ಬಣ್ಣ ಮಾತ್ರ ಕೆಂಪು! ಓಡಿಸುತ್ತಿದ್ದವನು ಗಿರಿಜಾಮೀಸೆಯ, ಚಪ್ಪಟೆ ಟೋಪಿಯ ಭಾರೀ ಆಸಾಮಿ. ಪಕ್ಕದಲ್ಲಿ ಕಂಬಳಿ ಸುತ್ತಿಕೊಂಡ, ನಡುಗುತ್ತಿದ್ದ ಅವನ ಹೆಂಡತಿ. ಅವನು ಗಾಡ್‌ಫ್ರಿ, ಅವಳು ಐರಿಸ್ ಎಂದು ಆಮೇಲೆ ತಿಳಿಯಿತು.

ನಮ್ಮ ಕುಲದ ಇಬ್ಬರು ಎದುರಾದರೆ ಕೆಲವು ಉಪಚಾರಗಳಿವೆ. ಮೊದಲು ಮಾತಿಲ್ಲದೆ ಪರಸ್ಪರರ ಕಾರನ್ನು ಒಂದು ಸುತ್ತು ಬರಬೇಕು. ಆಮೇಲೆ "ಹೂಂ" ಎನ್ನಬೇಕು. ಕೊನೆಗೆ ಒಬ್ಬರು ಬಾನೆಟ್ ಎತ್ತಿ ಎಂಜಿನ್ ತೋರಿಸಿದರೆ ಇನ್ನೊಬ್ಬರೂ ತೋರಿಸಬೇಕು. ತೋರಿಸದವನು ಮನೆಗೆ ಬಂದ ನೆಂಟರಿಗೆ ಚಹಾ ಕೊಡದವನಿಗಿಂತ ಕಡೆ.

ಗಾಡ್‌ಫ್ರಿ ಸುತ್ತು ಬಂದ. "ಹೂಂ" ಎಂದ. ತನ್ನ ಬಾನೆಟ್ ಎತ್ತಿದ. ಒಳಗೆ ಎಂಜಿನ್ ಬೆಳ್ಳಿ ಸಾಮಾನಿನ ಹಾಗೆ ಫಳಫಳ!

"ನಿಮ್ಮದು?" ಎಂದ.

"ನಮ್ಮದು... ಇವತ್ತು ಬೇಡ ಸ್ವಾಮಿ. ಸ್ವಲ್ಪ ಅವಸರ."

"ಓ!" ಎಂದು ಮೀಸೆ ತೀಡಿದ. "ಗೊತ್ತಾಯ್ತು ಬಿಡಿ. ಹೊರಗಡೆ ಮಾತ್ರ ಹಳೇದು, ಒಳಗೆ ಯಾವುದೋ ಹಾಲಿನ ವ್ಯಾನಿನ ಎಂಜಿನ್ನು. ಬಹಳ ಜನ ಹಾಗೇ ಮಾಡ್ಕೋತಾರೆ. ತಪ್ಪೇನಿಲ್ಲ ಬಿಡಿ."

ಹಾಲಿನ ವ್ಯಾನು! ನನ್ನ ವಂಶವನ್ನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ "ತಪ್ಪೇನಿಲ್ಲ ಬಿಡಿ" ಎಂಬ ಮಾತು ಮಾತ್ರ ನೆತ್ತಿಗೇರಿತು. ಕೈ ನನ್ನ ಅಪ್ಪಣೆಗೆ ಕಾಯಲೇ ಇಲ್ಲ. ಕೊಂಡಿ ತಪ್ಪಿಸಿತು, ಹಿಡಿಯಿತು, ಎತ್ತಿತು!

"ನೋಡ್ರೀ! ನಂಬರ್ ನೋಡ್ರೀ! ಕಾರ್ಖಾನೆಯಿಂದ ಹೊರಟಾಗ ಇದ್ದ ಅದೇ ಎಂಜಿನ್ನು!"

"ಅಬ್ಬಾ!" ಎಂದ ಗಾಡ್‌ಫ್ರಿ. ಇಬ್ಬರೂ ಸೊಂಟ ಬಗ್ಗಿಸಿ ತಲೆಗಳನ್ನು ಒಳಗೆ ಹಾಕಿದೆವು. ಆ ಆನಂದವನ್ನು ಏನೆಂದು ಹೇಳಲಿ! ಕಾರ್ಬ್ಯುರೇಟರ್ ವರ್ಣನೆ ಮುಗಿಸಿ ಪ್ಲಗ್ಗುಗಳಿಗೆ ಬಂದಿದ್ದೆ, ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಸಿರಿಲ್. ಅದೇನದು?"

"ಬಾ... ಬಾನೆಟ್ಟು."

"ಯಾವ ಸ್ಥಿತಿಯಲ್ಲಿದೆ?"

"ಎತ್ತಿದ... ಸ್ಥಿತಿಯಲ್ಲಿ. ಆದರೆ ಎನಿಡ್, ಏನೂ ಕೆಟ್ಟಿಲ್ಲ! ಬರೀ ತೋರಿಸೋಕೆ ಎತ್ತಿದ್ದು ಕಣೆ!"

"ಯಾತಕ್ಕೆ ಎತ್ತಿದ್ರೆ ಅಂತ ಪ್ರತಿಜ್ಞೆಯಲ್ಲಿ ಹೇಳಿದ್ಯಾ?"

ಹೇಳಿರಲಿಲ್ಲ. ನಾನು ತಲೆ ತಗ್ಗಿಸಿದೆ. "ಪುಡಿಂಗ್ ಕೂತುಹೋಯ್ತಂತೆ," ಎಂದು ಸೇರಿಸಿದಳು. ಆಮೇಲೆ ಗಾಡ್‌ಫ್ರಿಯ ಕಡೆ ತಿರುಗಿ, ಮುರುಕು ಚಪ್ಪಲಿಯಲ್ಲೇ ಆದಷ್ಟು ನೆಟ್ಟಗೆ ನಿಂತು, "ಈ ಕಾರು ಈಗ ನನ್ನದು" ಎಂದಳು.

ಗಾಡ್‌ಫ್ರಿಯ ಕಣ್ಣು ಅರಳಿತು. "ಅಮ್ಮಾ, ಮಾರ್ತೀರಾ? ನೀವು ಹೇಳಿದ ಬೆಲೆ!" ಎಂದವನೇ ಜೇಬಿನಿಂದ ಚೆಕ್ ಪುಸ್ತಕ ತೆಗೆದು ಅರಬೆಲ್ಲಳ ಮೈಮೇಲೇ ಇಟ್ಟು ಪೆನ್ನು ಬಿಚ್ಚಿದ.

ಕಂಬಳಿಯೊಳಗಿಂದ ಐರಿಸ್ ಚೀರಿದಳು: "ಬೇಡವೋ ಗಾಡ್‌ಫ್ರಿ! ಇರೋ ಒಂದು ಸಾಲದಾ? ನನ್ನ ಸಾಯಿಸ್ತೀಯಾ?"

ಎನಿಡ್‌ಳನ್ನು ಮೊದಲ ಸಲ ಸುತ್ತಾಡಿಸಲು ಕರೆದೊಯ್ದದ್ದು ಇದೇ ಕಾರಿನಲ್ಲಿ. ನಮ್ಮ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಇದರಲ್ಲೇ. ಎಂಜಿನ್ ನಿಂತರೆ ಮಗು ಅಳುತ್ತಿತ್ತೆಂದು ಹಳ್ಳಿಯನ್ನು ಸುತ್ತಿದ್ದೇ ಸುತ್ತಿದ್ದು. ಬೇರೆ ಯಾರೋ ಮೀಸೆಯವನು ಇದರೊಳಗೆ ಕೂತು ಹೋಗುವುದನ್ನು ನಾನು ನಿಂತು ನೋಡಬೇಕೇ? ತುಟಿ ಪಿಟಕ್ಕೆನ್ನುವುದಿಲ್ಲ ಎಂದಿದ್ದೆ, ಎನ್ನಲಿಲ್ಲ. ಕಣ್ಣಿಗೆ ಮಾತ್ರ ಯಾವ ಪ್ರತಿಜ್ಞೆಯೂ ಇರಲಿಲ್ಲ, ಅದು ತುಂಬಿ ಬಂತು.

ಎನಿಡ್ ನನ್ನನ್ನು ನೋಡಿದಳು. ಅರಬೆಲ್ಲಳನ್ನು ನೋಡಿದಳು. ಚೆಕ್ ಪುಸ್ತಕವನ್ನು ಮುಚ್ಚಿ ಗಾಡ್‌ಫ್ರಿಯ ಕೈಗೆ ಕೊಟ್ಟಳು.

"ಕ್ಷಮಿಸಿ. ಇದನ್ನ ಮಾರೋದಿಲ್ಲ."

"ಎನಿಡ್!" ಎಂದು ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ನನಗೋಸ್ಕರ... ನನ್ನ ಪ್ರೀತಿಗೋಸ್ಕರ ಇಟ್ಕೊಂಡೆಯಾ!"

"ನಿನಗೋಸ್ಕರ ಯಾಕಪ್ಪ?" ಎಂದಳು ಎನಿಡ್, ನಿಜಕ್ಕೂ ಆಶ್ಚರ್ಯಪಟ್ಟು. "ಇದು ಶೆಡ್ಡಿನಲ್ಲಿದ್ರೆ ನೀನೂ ಶೆಡ್ಡಿನಲ್ಲಿರ್ತೀಯ. ಮಾರಿಬಿಟ್ರೆ ಶನಿವಾರ ಭಾನುವಾರ ಎರಡೂ ದಿನ ಮನೆಯೊಳಗೇ ಇರ್ತೀಯಲ್ಲ ಮಾರಾಯ! ನಾನೆಲ್ಲಿಗೆ ಹೋಗಲಿ?"

ನಾನು ಮೆಲ್ಲಗೆ ಬಾನೆಟ್ ಮುಚ್ಚಿದೆ. ಕೆಂಪು ಕಾರಿನ ಕಂಬಳಿ ಅಲುಗಾಡಿತು, ಒಳಗಿಂದ ಐರಿಸ್‌ಳ ಪೂರ್ತಿ ಮುಖ ಹೊರಗೆ ಬಂತು. ಅವಳು ಎನಿಡ್‌ಳನ್ನು ದಿಟ್ಟಿಸಿ ನೋಡಿದಳು, ತಮ್ಮ ಕಾರಿನ ಫಳಫಳ ಹೊಳೆಯುವ ಎಂಜಿನ್ ನೋಡಿದಳು, ಆಮೇಲೆ ಗಂಡನ ತೋಳು ಹಿಡಿದು ಹೇಳಿದಳು:

"ಗಾಡ್‌ಫ್ರಿ, ಇನ್ನೊಂದು ಕಾರು ಬೇಕು ಅಂತಿದ್ಯಲ್ಲ, ತಗೋ ಪರವಾಗಿಲ್ಲ. ಆದ್ರೆ ಚೆನ್ನಾಗಿ ಕೆಟ್ಟಿರೋದನ್ನೇ ಹುಡುಕು."