ಛತ್ರದ ಬಾಯ್ಲರೂ ಬೀಗರ ಸ್ನಾನವೂ

ಚಾಮರಾಜಪೇಟೆಯ ಒಂದು ಛತ್ರದಲ್ಲಿ ಬಾಯ್ಲರ್ ನೋಡಿಕೊಳ್ಳುವವನು ನಾನು. ಆವಿ ಪೈಪಿನಲ್ಲಿ ಹೋಗಿ ಅಡುಗೆಮನೆಯ ದೊಡ್ಡ ಪಾತ್ರೆಗಳನ್ನು ಕಾಯಿಸುತ್ತದೆ, ತಣಿದು ಬಿಸಿನೀರಾಗಿ ಹಿತ್ತಲಿನ ಟ್ಯಾಂಕಿಗೆ ವಾಪಸ್ ಬರುತ್ತದೆ. ಪಂಪು ಅದನ್ನೇ ಮತ್ತೆ ಬಾಯ್ಲರಿಗೆ ನೂಕುತ್ತದೆ. ಇಷ್ಟೇ ಕಥೆ. ಇಷ್ಟರಲ್ಲೇ ವಾರಕ್ಕೊಂದು ರಾಮಾಯಣ.

ಹೋದದ್ದೆಲ್ಲ ಬರಬೇಕು

ನಮ್ಮ ಮ್ಯಾನೇಜರು ಒಂದು ದಿನ ಟ್ಯಾಂಕಿಗೆ ಹೊಸ ನೀರು ಬರುವ ನಲ್ಲಿಯನ್ನೇ ತಿರುಗಿಸಿ ನಿಲ್ಲಿಸಿದರು.

"ಹೋದ ನೀರೇ ವಾಪಸ್ ಬರುತ್ತಲ್ರೀ, ಹೊಸದು ಯಾಕೆ?"

"ಅಲ್ಲಲ್ಲಿ ಸೋರುತ್ತೆ ಸಾರ್. ಹೋದದ್ದೆಲ್ಲ ಬರಲ್ಲ."

"ಅದ್ಹೇಗೆ ಬರಲ್ಲ?"

"ಮದುವೆಯವರಿಗೆ ಕೊಟ್ಟ ಚಮಚ ಎಲ್ಲಾ ವಾಪಸ್ ಬರುತ್ತಾ ಸಾರ್?"

ಅವರು ಯೋಚಿಸಿದರು. ನಲ್ಲಿ ಬಿಟ್ಟರು. ಅವತ್ತಿನಿಂದ ಚಮಚ ಎಣಿಸುವ ಕೆಲಸವೂ ನನಗೇ ಬಂತು.

ಮಡಿ ನೀರು

ಉಪನಯನಕ್ಕೆ ಬಂದಿದ್ದ ಹಿರಿಯರೊಬ್ಬರು ಮಡಿ ಪಂಚೆ ಎತ್ತಿ ಹಿಡಿದುಕೊಂಡು ಬಾಯ್ಲರ್ ಶೆಡ್ಡಿಗೇ ಬಂದರು.

"ಬೇಳೆ ಬೇಯಿಸಿದ ನೀರೇ ಮತ್ತೆ ಅನ್ನಕ್ಕೆ ಬರುತ್ತಂತೆ? ಎಂಜಲಾಗಲ್ವೇನಪ್ಪಾ?"

"ಇಲ್ಲ ತಾತ, ಪಾತ್ರೆಗೆ ಎರಡು ಗೋಡೆ. ಆವಿ ಆ ಸಂದಿಯಲ್ಲೇ ಸುತ್ತಿ ಹೊರಟುಹೋಗುತ್ತೆ. ಬೇಳೆನೂ ಮುಟ್ಟಲ್ಲ, ಅನ್ನಾನೂ ಮುಟ್ಟಲ್ಲ."

"ಯಾರನ್ನೂ ಮುಟ್ಟಲ್ವಾ?"

"ಯಾರನ್ನೂ ಇಲ್ಲ."

ತಾತ ಒಳಗೆ ಬಡಿಸಲು ಓಡಾಡುತ್ತಿದ್ದವರನ್ನು ಒಮ್ಮೆ ನೋಡಿದರು. "ಹಾಗಾದ್ರೆ ಇಲ್ಲಿ ಮಡೀಲಿರೋದು ಅದೊಂದೇ ಬಿಡು" ಎಂದು ಹೊರಟರು.

ಹುಳಿ ಎಲ್ಲಿ?

ಇನ್ನೊಂದು ಮದುವೆ. ಬೆಳಗ್ಗೆ ಗಂಡಿನ ಕಡೆಯವರ ಕೋಣೆಗಳಲ್ಲಿ ಗೀಸರ್ ಕೆಟ್ಟಿತ್ತು. ನಾನು ಕಾಫಿಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಪಂಪು ಗಡಗಡ ಅನ್ನುತ್ತಿದೆ, ನೀರಿಲ್ಲವೆಂದು ಬಾಯ್ಲರ್ ಕೂಗಿಕೊಂಡು ತಾನೇ ಆರಿಹೋಗಿದೆ. ಅಡುಗೆ ಭಟ್ಟರು ಸೌಟು ಹಿಡಿದೇ ಓಡಿ ಬಂದರು. "ಬೇಳೆ ಅರ್ಧ ಬೆಂದು ಕೂತಿದೆ ಮಾರಾಯಾ, ಆವಿ ಎಲ್ಲಿ?"

ಹಿತ್ತಲಿಗೆ ಹೋಗಿ ನೋಡುತ್ತೇನೆ, ಟ್ಯಾಂಕಿನ ಕೆಳಗಿನ ನಲ್ಲಿಗೆ ಬಕೆಟ್ಟುಗಳ ಸಾಲು. ವರನ ತಂದೆ ಟವೆಲ್ ಸುತ್ತಿಕೊಂಡು, "ಬನ್ನಿ ಬನ್ನಿ, ಇಲ್ಲಿ ಬಿಸಿನೀರು ಧಾರಾಳ!" ಎಂದು ನೆಂಟರನ್ನೆಲ್ಲ ಕರೆಯುತ್ತಿದ್ದರು. ಟ್ಯಾಂಕು ಖಾಲಿ.

ತಣ್ಣೀರು ತುಂಬಿ, ಮತ್ತೆ ಆವಿ ಏಳುವ ಹೊತ್ತಿಗೆ ಧಾರೆ ಮುಗಿದು ಎಲ್ಲರೂ ಎಲೆ ಮುಂದೆ ಕೂತಿದ್ದರು. ವರನ ತಂದೆ ಗಮಗಮ ಸೋಪಿನ ವಾಸನೆಯಲ್ಲಿ ಎದ್ದು ನಿಂತು ಗುಡುಗಿದರು. "ಬೀಗರಿಗೆ ಮಾಡೋ ಮರ್ಯಾದೆ ಇದೇನಾ? ಬರೀ ಉಪ್ಪು, ಕೋಸಂಬರಿ! ಹುಳಿ ಎಲ್ಲಿ?"

ಹುಡುಗಿಯ ತಂದೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನ್ನ ಕೈ ಹಿಡಿದು ಪಂಕ್ತಿಯ ನಡುವೆ ಎಳೆತಂದು ನಿಲ್ಲಿಸಿದರು. "ನೀವೇ ಹೇಳಿ, ಹುಳಿ ಯಾಕೆ ಆಗಿಲ್ಲ?"

ಸುಳ್ಳು ಹೇಳೋಣ ಅಂದರೆ ತಕ್ಷಣಕ್ಕೆ ಒಂದೂ ಹೊಳೆಯಲಿಲ್ಲ.

"ಬೀಗರು ಸ್ನಾನ ಮಾಡ್ಬಿಟ್ರು ಸಾರ್" ಅಂದೆ.