ಓಣಿ ಸುತ್ತಿದ ಕುಂಬಳಕಾಯಿ

ಬಳ್ಳಾರಿಯ ಬಿಸಿಲಿನಲ್ಲಿ ಪಾಲಕ್ ಸೊಪ್ಪು ಬೆಳಗ್ಗೆ ಎಂಟಕ್ಕೆ ಮದುವಣಗಿತ್ತಿ, ಹತ್ತಕ್ಕೆ ಅಜ್ಜಿ. ಇದನ್ನು ತಡವಾಗಿ ಅರಿತ ಮಹಮ್ಮದ್ ಗೌಸ್ ಆ ದಿನ ಕುರುಗೋಡಿನಿಂದ ಸೊಪ್ಪಿನ ಬದಲು ಎರಡು ದೊಡ್ಡ ಸಿಹಿಗುಂಬಳ ತಂದ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಗೌಸ್ ಹದಿನೆಂಟು ವರ್ಷ ಜೀನ್ಸ್ ಪ್ಯಾಂಟುಗಳಿಗೆ ಇಸ್ತ್ರಿ ಹೊಡೆದವನು. ಗಾಂಧಿನಗರದ ಹಿಂದಿನ ಆ ಓಣಿಯಲ್ಲಿ ಇರುವುದು ಎಂಟೇ ಮನೆ. ಗಂಡಸರೆಲ್ಲ ಪ್ಯಾಂಟು ಹೊಲಿಯಲು ಹೋಗುವವರು. ಓಣಿಯ ತಿಂಡಿಯೆಂದರೆ ಮುಂಜಾನೆ ಒಗ್ಗಾಣಿ-ಮಿರ್ಚಿ ಬಜ್ಜಿ, ಸಂಜೆ ಮಂಡಕ್ಕಿ-ಮಿರ್ಚಿ. ನಡುವೆ ಹಸಿವಾದರೆ ಬರೀ ಮಿರ್ಚಿ. ಗೌಸನ ಕಾರ್ಖಾನೆ ಮುಚ್ಚಿದ ಮೇಲೆ ಒಂದು ಸೇವಾ ಸಂಸ್ಥೆಯವರು ಅವನಿಗೆ ಹಸಿರು ಬಣ್ಣದ ತಳ್ಳುಗಾಡಿ ಕೊಟ್ಟು, ಈ ಓಣಿಯ ತಾಟುಗಳಿಗೆ ತಾಜಾ ತರಕಾರಿ ತಲುಪಿಸು ಎಂದಿದ್ದರು. ಮೂರು ತಿಂಗಳ ಪರೀಕ್ಷೆ. ಅದು ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಸಂಸ್ಥೆಯ ಆಸ್ಫಿಯಾ ಮೇಡಂ ಬಂದು ಯಾವುದಾದರೂ ಮೂರು ಮನೆಯ ಒಲೆ ನೋಡುತ್ತಾರೆ. ಮೂರರಲ್ಲೂ ತರಕಾರಿ ಬೆಂದಿದ್ದರೆ ಗಾಡಿ ಗೌಸನಿಗೇ. ಇಲ್ಲದಿದ್ದರೆ ಅದು ಕಂಟೋನ್ಮೆಂಟ್ ಕಡೆಯ ಇನ್ನೊಬ್ಬನ ಪಾಲು.

ಒಂದು ಕಾಯನ್ನು ಅವನು ತನ್ನ ಮನೆಯ ಒಲೆಯ ಪಕ್ಕ ಇಟ್ಟ. ಹೆಂಡತಿ ಖೈರುನಬಿ ನಲ್ಲಿಯ ಸಾಲಿನಲ್ಲಿದ್ದಳು. ಇವತ್ತು ಅದನ್ನೇ ಮಾಡು ಎಂದು ದೂರದಿಂದಲೇ ಕೂಗಿ ಹೇಳಿದ. ಅವಳೂ ಏನೋ ಕೂಗಿದಳು. ಕೊಡಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಇನ್ನೊಂದನ್ನು ಪಕ್ಕದ ಮನೆ ಪಾರಮ್ಮನ ಹೊಸ್ತಿಲ ಮೇಲಿಟ್ಟ. ಪಾರಮ್ಮ ಬೇಯಿಸಿದ್ದನ್ನೇ ಓಣಿ ಬೇಯಿಸುತ್ತಿತ್ತು.

"ಪಾರಕ್ಕ, ಇದು ಪುಕ್ಕಟೆ. ಎಲ್ಲಾ ಮನಿಯವ್ರೂ ಹಂಚಿಕೊಂಡು ಮಾಡ್ರಿ. ಸಂಜಿಗೆ ಮೇಡಂ ಬರ್ತಾರ, ನನ್ನ ಮಾನ ನಿಮ್ಮ ಕೈಯಾಗೈತಿ," ಎಂದವನೇ ಉತ್ತರಕ್ಕೆ ಕಾಯದೆ ಹೋಗಿ, ಬೇವಿನ ನೆರಳಿನಲ್ಲಿ ಖಾಲಿ ಗಾಡಿಯ ಮೇಲೆ ಉದ್ದಕ್ಕೆ ಮಲಗಿದ.

ಬಿಸಿಲಿಗೆ ಓಣಿ ನೀರಿನೊಳಗಿನ ಚಿತ್ರದಂತೆ ಅಲುಗುತ್ತಿತ್ತು. ಗೌಸ್ ನಿದ್ದೆಯಲ್ಲಿ ಆಕಾಶಕ್ಕೆ ಇಸ್ತ್ರಿ ಹಾಕುತ್ತಿದ್ದ. ಮೋಡ ಒಂದೊಂದೇ ಸುಕ್ಕು ಬಿಡಿಸಿಕೊಂಡು ಸಿರುಗುಪ್ಪದ ಭತ್ತದ ಗದ್ದೆಗಳ ಮೇಲೆ ಮಡಿಸಿದ ಪ್ಯಾಂಟಿನಂತೆ ಕೂರುತ್ತಿತ್ತು. ಒಮ್ಮೆ ಕಣ್ಣು ಬಿಟ್ಟ: ಕುಂಬಳಕಾಯಿ ಎದುರು ಮನೆ ಹಂಪಮ್ಮನ ಕಟ್ಟೆಯ ಮೇಲಿತ್ತು. ಪಾರಮ್ಮನ ಹೊಸ್ತಿಲಲ್ಲಿ ಇಟ್ಟಿದ್ದೆನಲ್ಲ ಎಂದುಕೊಳ್ಳುವಷ್ಟರಲ್ಲಿ ರೆಪ್ಪೆ ಮುಚ್ಚಿತು. ಮತ್ತೆ ಬಿಟ್ಟಾಗ ಅದು ಊರಮ್ಮನ ಬಾಗಿಲಲ್ಲಿತ್ತು. ಇನ್ನೊಮ್ಮೆ ಬಿಟ್ಟಾಗ ಪಕ್ಕೀರಮ್ಮನ ಸೊಂಟದ ಮೇಲೆ ಕೂಸಿನಂತೆ ಕೂತು ರಸ್ತೆ ದಾಟುತ್ತಿತ್ತು. ಕನಸಿನಲ್ಲಿ ಚಂದ್ರ ಮನೆಮನೆಗೂ ಹೋಗಿ ಯಾರಾದರೂ ಒಳಗೆ ಕರೆಯುತ್ತಾರೇನೋ ಎಂದು ಕಾಯುತ್ತಿದ್ದ. ಎಂಥ ಚೆಂದದ ಕನಸು ಎಂದು ಗೌಸ್ ಮಗ್ಗುಲು ಬದಲಿಸಿದ. ಮೂಗಿಗೆ ಏನೋ ತಣ್ಣಗೆ ತಾಗಿತು.

ಕುಂಬಳಕಾಯಿ ಅವನ ತಲೆಯ ಪಕ್ಕದಲ್ಲೇ ಮಲಗಿತ್ತು. ಇಡಿಯಾಗಿ. ಹೊತ್ತು ಎರಡೂವರೆ. ಸುತ್ತ ಓಣಿಯ ಹೆಂಗಸರು, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರಂತೆ ನಿಂತಿದ್ದರು.

"ಯಾಕ ಪಾರಕ್ಕ, ಕಾಯಿ ಚಲೋ ಇಲ್ಲೇನು?"

"ಕಾಯಿ ಬಂಗಾರ ಐತಿ ಗೌಸಣ್ಣ. ಒಡಿಯೋ ಗಂಡಸಿಲ್ಲ. ಇಡೀ ಕುಂಬಳಕಾಯಿಗೆ ಹೆಣ್ಮಕ್ಳು ಮೊದ್ಲ ಏಟು ಹಾಕಬಾರ್ದು."

"ಯಾಕ ಹಾಕಬಾರ್ದು?"

"ಅದನ್ನ ನಮ್ಮತ್ತಿ ಅವ್ರತ್ತೀನ ಕೇಳಿದ್ದಿಲ್ಲ. ನಾನೂ ನಮ್ಮತ್ತೀನ ಕೇಳಲಿಲ್ಲ."

ಪಾರಮ್ಮನ ಗಂಡ ರೂಪನಗುಡಿಗೆ ಹೋಗಿದ್ದ. ಹಂಪಮ್ಮನ ಮಗ ಇರಬಹುದೆಂದು ಕಾಯಿ ಅಲ್ಲಿಗೆ ಹೋಯಿತು; ಅವನು ಕಾರ್ಖಾನೆಗೆ ಹೋಗಿಯಾಗಿತ್ತು. ಊರಮ್ಮನ ಮಾವ ಮನೆಯಲ್ಲಿದ್ದರು, ಆದರೆ ಅವರ ಕೈಗೆ ಮಚ್ಚು ಕೊಟ್ಟರೆ ಮೊದಲು ಒಡೆಯುವುದು ಅವರ ಕಾಲೇ. ಹೀಗೆ ಗಂಡಸನ್ನು ಹುಡುಕುತ್ತಾ ಕುಂಬಳಕಾಯಿ ಏಳು ಮನೆ ಸುತ್ತಿತ್ತು.

"ನಾನು ಗಂಡಸಲ್ಲೇನ್ ಪಾರಕ್ಕ? ಎಬ್ಬಿಸಬಾರ್ದಾಗಿತ್ತಾ?"

"ನೀವು ನಿದ್ದಿಯಾಗ ನಗಾಕ ಹತ್ತಿದ್ರಿ. ಎಬ್ಬಿಸಾಕ ಮನಸಾಗ್ಲಿಲ್ಲ," ಎಂದಳು ಹಂಪಮ್ಮ.

ಮಹಮ್ಮದ್ ಗೌಸ್ ಬಿಸ್ಮಿಲ್ಲಾ ಎಂದು ಮಚ್ಚು ಎತ್ತಿದ. ಕಾಯಿ ಎರಡಾಯಿತು. ಒಳಗಿನ ಕೇಸರಿ ಬೆಳಕು ಎಲ್ಲರ ಮುಖಕ್ಕೂ ಬಡಿದಂತಾಯಿತು. ಏಳು ಹೋಳು ಏಳು ಸೆರಗಿನೊಳಗೆ ಮಾಯವಾದವು. ಮೂರೂವರೆಯ ಹೊತ್ತಿಗೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸಾಸಿವೆ ಸಿಡಿದ ಘಮ, ಬೆಲ್ಲದ ಘಮ. ಸಂಜೆಯ ವ್ಯಾಪಾರಕ್ಕೆ ಆಗಷ್ಟೇ ಬಂದಿದ್ದ ಮಿರ್ಚಿ ಅಂಗಡಿಯ ಪಾಲಯ್ಯ ಬಾಣಲೆ ಬಿಟ್ಟು ಹೊರಗೆ ಬಂದು ಗಾಳಿ ಮೂಸಿ, ಚಿಂತೆಯಿಂದ ಒಳಗೆ ಹೋದ.

ನಾಲ್ಕಕ್ಕೆ ಸರಿಯಾಗಿ ಮೇಡಂ ಆಟೋದಿಂದ ಇಳಿದರು. ಪಾರಮ್ಮನ ಮನೆಯಲ್ಲಿ ಕಡಾಯಿಯ ತುಂಬ ಕುಂಬಳಕಾಯಿ ಪಲ್ಯ. ಹಂಪಮ್ಮನ ಮನೆಯಲ್ಲೂ ಕಡಾಯಿಯ ತುಂಬ. ಮೇಡಂ ಎರಡೂ ಕಡೆ ರುಚಿ ನೋಡಿದರು, ಬರೆದುಕೊಂಡರು, ನಕ್ಕರು. ಗೌಸನ ಕಾಲು ನೆಲದಿಂದ ಒಂದು ಗೇಣು ಮೇಲೆದ್ದಿತ್ತು.

"ಮೂರನೇದು ನಿಮ್ಮನಿ ನೋಡೋಣ ನಡೀರಿ. ಮಾರೋರ ಮನಿ ನೋಡದಿದ್ರ ಹೆಂಗ?" ಎಂದರು ಮೇಡಂ.

ಗೌಸ್ ಮದುಮಗನಂತೆ ಮುಂದೆ ನಡೆದ. ಬೆಳಗ್ಗೆಯೇ ಕಾಯಿ ಇಟ್ಟು ಬಂದಿದ್ದನಲ್ಲ. ಬಾಗಿಲು ತಳ್ಳಿದ. ಒಲೆ ತಣ್ಣಗಿತ್ತು. ಅದರ ಪಕ್ಕದಲ್ಲಿ ಕುಂಬಳಕಾಯಿ ಇಟ್ಟ ಹಾಗೇ ಇತ್ತು. ಅದರ ಎದುರು ಖೈರುನಬಿ, ಅವಳ ಮುಂದೆ ಎಣ್ಣೆ ಇಳಿದ ಕಾಗದದಲ್ಲಿ ಪಾಲಯ್ಯನ ಮಿರ್ಚಿ.

"ಖೈರು, ಯಾಕ ಮಾಡಿಲ್ಲ?" ಗೌಸನ ದನಿ ಬಾವಿಯೊಳಗಿಂದ ಬಂತು.

"ಹೆಂಗ ಮಾಡ್ಲಿ? ಯಾವಾಗ್ಲೂ ಹೋಳು ತರ್ತಿದ್ರಿ, ಇವತ್ತು ಇಡೀದು ತಂದಿಟ್ರಿ. ಇಪ್ಪತ್ತು ವರ್ಷ ಆತು ಪಾರಕ್ಕನ ಬಾಜೂಕ ಅದೀನಿ, ಅಷ್ಟು ಗೊತ್ತಾಗಂಗಿಲ್ಲೇನು ನನಗ? ಒಡದು ಹೋಗ್ರಿ ಅಂತ ನಲ್ಲಿ ಕಡಿಂದ ಕೂಗಿದೆ. ಊರಾಗಿನ ಕಾಯೆಲ್ಲಾ ಒಡದು ಕೊಟ್ರಂತ, ಮನಿಗೂ ಬರ್ತೀರಿ ಅಂತ ಕುಂತೀನಿ."

ಆಮೇಲೆ ಮನೆಗೆ ಬಂದ ಅತಿಥಿಯ ನೆನಪಾಗಿ ಅವಳು ಮೇಡಂ ಮುಂದೆ ಮಿರ್ಚಿ ಸರಿಸಿದಳು. ಇಲ್ಲವೆನ್ನಲಾಗದೆ ಮೇಡಂ ಎರಡು ತಿಂದರು. ಖಾರಕ್ಕೆ ಬಂದ ಕಣ್ಣೀರು ಒರೆಸಿಕೊಂಡು, ಮಾರುವವರೇ ತಿನ್ನದಿದ್ದರೆ ಹೇಗೆ ಎಂದು ಮೆಲ್ಲಗೆ ಹೇಳಿ ಪುಸ್ತಕದಲ್ಲಿ ಒಂದು ಸಾಲು ಬರೆದರು. ಗಾಡಿಯನ್ನು ನಾಳೆ ಕಂಟೋನ್ಮೆಂಟಿಗೆ ತಲುಪಿಸಬೇಕೆಂದೂ ಹೇಳಿದರು.

ಆಟೋ ತಿರುವಿನಲ್ಲಿ ಮರೆಯಾಗುವುದಕ್ಕೂ ಪಾರಮ್ಮ ಬಟ್ಟಲು ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು. ಹಿಂದೆಯೇ ಹಂಪಮ್ಮ, ಊರಮ್ಮ, ಪಕ್ಕೀರಮ್ಮ, ಮತ್ತೆ ಮೂವರು.

"ಕಾಯಿ ಕೊಟ್ಟವ್ರ ಮನಿಗೇ ಮೊದ್ಲ ಬಟ್ಟಲ ಬರಬೇಕಿತ್ತು ಗೌಸಣ್ಣ. ಮೇಡಂ ನೋಡೋ ಹೊತ್ತಿಗೆ ಕಡಾಯಿ ತುಂಬಿರ್ಲಿ ಅಂತ ತಡದ್ವಿ," ಎಂದಳು ಪಾರಮ್ಮ.

ತಣ್ಣನೆಯ ಒಲೆಯ ಸುತ್ತ ಏಳು ಬಟ್ಟಲುಗಳು ಹಚ್ಚಿಟ್ಟ ಹಣತೆಗಳಂತೆ ಹೊಳೆದವು. ಗೌಸ್ ಅವನ್ನೇ ನೋಡುತ್ತಾ ಗೋಡೆಗೆ ಒರಗಿದ. ಇದೂ ಕನಸಿರಬಹುದು, ಬೇವಿನ ನೆರಳಿನಲ್ಲಿ ಇನ್ನೂ ಮಲಗಿರಬಹುದು ಎನಿಸಿತು. ಅಷ್ಟರಲ್ಲಿ ಖೈರುನಬಿ ಅವನ ಕೈಗೆ ಮಚ್ಚು ಕೊಟ್ಟಳು.

"ನಾಳಿಗೆ ಅವ್ರ ಬಟ್ಟಲ ಖಾಲಿ ಕೊಡಾಕ ಬರ್ತೈತೇನು? ಏಳ್ರಿ, ಇದನ್ನ ಒಡೀರಿ."